ಕೆಳಹಿತ್ಲಿನ ಕಾಲುದಾರಿ

ನವೆಂಬರ್ 10

ಬಲಗಣ್ಣಿನ ಪೊರೆ ತೆಗೆದು ಇವತ್ತಿಗೆ ಎಂಟು ದಿನ. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಒಲೆಯ ಹತ್ತಿರ ಹೋಗಬಾರದು, ಓದಬಾರದು. ಡಾಕ್ಟರು ಹೇಳಿದ ‘ಬಾರದು’ಗಳನ್ನೆಲ್ಲ ಸೌಮ್ಯಶ್ರೀ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದು ಗೋಡೆಗೆ ಅಂಟಿಸಿದ್ದಾಳೆ. ತಂಗಿಯ ಮಗಳೆಂದು ಮನೆಯಲ್ಲಿಟ್ಟುಕೊಂಡರೆ ಅತ್ತೆಯ ಹಾಗೆ ಆಡುತ್ತಾಳೆ. ಆದರೆ ಅವಳು ಬೆಳಿಗ್ಗೆ ಬ್ರಹ್ಮಾವರದ ಶಾಲೆಗೆ ಪಾಠ ಮಾಡಲು ಬಸ್ಸು ಹತ್ತಿದಳೆಂದರೆ ಸಂಜೆಯ ತನಕ ಕುಂದಾಪುರದ ಈ ಮನೆಯಲ್ಲಿ ನನ್ನದೇ ರಾಜ್ಯ.

ಇವತ್ತು ರಾಜ್ಯಭಾರ ಶುರು ಮಾಡಿದೆ. ಕಪಾಟಿನಿಂದ ನಕ್ಷೆಗಳನ್ನು ತೆಗೆದು ಮಂಚದ ಮೇಲೆ ಹರಡಿದೆ. ಒಟ್ಟು ಏಳು. ಎಲ್ಲವೂ ನೂರು ವರ್ಷ ದಾಟಿದವು, ಬಟ್ಟೆಗೆ ಅಂಟಿಸಿದವು. ಸರ್ವೆ ಕಚೇರಿಯಲ್ಲಿ ಮೂವತ್ತಾರು ವರ್ಷ ಟ್ರೇಸರ್ ಆಗಿದ್ದು, ಹರಿದ ನಕ್ಷೆಗಳಿಗೆ ಹೊಸ ನಕಲು ತೆಗೆದವಳು ನಾನು. ನಕಲು ತೆಗೆದಾದ ಮೇಲೆ ಮೂಲವನ್ನು ಹಿಂದಿನ ಕೋಣೆಗೆ ಎಸೆಯುತ್ತಿದ್ದರು, ಗೆದ್ದಲಿಗೆ. ಅದರಲ್ಲಿ ಏಳನ್ನು ನಾನು ಬ್ಯಾಗಿನಲ್ಲಿ ಮಡಚಿಟ್ಟು ಮನೆಗೆ ತಂದೆ. ಕದ್ದದ್ದು ಎನ್ನುವವರು ಎನ್ನಲಿ. ಗೆದ್ದಲೇನು ಸರ್ಕಾರಿ ನೌಕರನೇ?

ಹೊಸ ಕಣ್ಣಿಗೆ ಬಣ್ಣವೇ ಬೇರೆ. ನಾಲ್ಕು ವರ್ಷದಿಂದ ಕಷಾಯದ ಬಣ್ಣಕ್ಕೆ ಕಾಣುತ್ತಿದ್ದ ನಕ್ಷೆಯ ಹೊಳೆ ಇವತ್ತು ನೀಲಿಯಾಗಿತ್ತು. ನೋಡಿ ಅಳು ಬಂತು. ಅಳಬಾರದು ಎಂದೂ ಪಟ್ಟಿಯಲ್ಲಿದೆ.

ಹನ್ನೊಂದು ಗಂಟೆಗೆ ಮಳಿ ಮಾರುವ ಸೀತು ಬಂದಳು. ಬಸ್ರೂರಿನ ಆಚೆ, ಹೊಳೆಬದಿಯ ಕೆಳಹಿತ್ಲು ಕೇರಿಯವಳು. ಹೊಳೆಯ ಕೆಸರಿನಲ್ಲಿ ಈ ಚಿಪ್ಪುಮೀನು ಹೆಕ್ಕಿ ಇಪ್ಪತ್ತು ವರ್ಷದಿಂದ ನಮ್ಮ ಮೆಟ್ಟಿಲಿಗೆ ತಂದು ಸುರಿಯುತ್ತಾಳೆ.

“ಅಮಾ, ಕಣ್ಣ್ ಕಾಂತಾ ಈಗ?”

“ನಿನ್ ಬುಟ್ಟಿಯಲ್ ಮಣ್ಣ್ ಎಷ್ಟ್, ಮಳಿ ಎಷ್ಟ್ ಅಂದ್ ಕಾಂಬಷ್ಟ್ ಕಾಂತ್ ಮಾರಾಯ್ತಿ.”

ಅವಳು ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಹೊಸ ಸುದ್ದಿ ಹೇಳಿದಳು. ಕೇರಿಯವರು ಹೊಳೆಗೆ ಇಳಿಯುವ ದಾರಿಗೆ ಅಡ್ಡ ಗೇಟು ಬಂದಿದೆಯಂತೆ. ಅಲ್ಲಿನ ಜಾಗವನ್ನು ಯಾರೋ ಹೋಟೆಲಿನವರು ಕೊಂಡಿದ್ದಾರೆ.

“ನಮ್ಮ್ ಅಜ್ಜಿ ಕಾಲ್ದಿಂದ ನಡ್ದ್ ದಾರಿ ಅಮ್ಮ. ನೀವ್ ನಕ್ಷಿ ಬರಿಯೋರಲ್ದಾ. ಅದ್ರಲ್ ದಾರಿ ಇತ್ತಲ್ದಾ?”

“ಕೆಳಹಿತ್ಲಿನ್ ನಕ್ಷಿ ಬರ್ದದ್ದ್ ನಾನೇ. ಅದ್ರಲ್ ದಾರಿ ಇಲ್ಲೆ ಸೀತು. ಇದ್ದಿದ್ರೆ ನಂಗ್ ಗೊತ್ತಿರ್ತಿತ್ತ್.”

ಅವಳು ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. “ಬರ್ದ್ ನೀವೇ ಇಲ್ಲೆ ಅಂದ್ ಮೇಲೆ ಮುಗೀತ್” ಎಂದು ಎದ್ದು ಹೋದಳು.

ಮೂವತ್ತೈದು ವರ್ಷದ ಹಿಂದಿನ ನಕ್ಷೆ ಇನ್ನೂ ಬಾಯಿಪಾಠ ಇದೆಯಲ್ಲ ಎಂದು ನನಗೇ ಹೆಮ್ಮೆಯಾಯಿತು. ಮಳಿ ಒಳ್ಳೆಯದಿತ್ತು. ಸೌಮ್ಯ ಬಂದು ಸುಕ್ಕ ಮಾಡಿದಳು.

ನವೆಂಬರ್ 14

ಉಪ್ಪುಂದದ ಕಡೆಯ ಒಂದು ಸಮುದ್ರ ಬದಿಯ ನಕ್ಷೆ ನನ್ನ ಬಳಿ ಇದೆ. ಅದರಲ್ಲಿ ಏಳು ಮನೆ, ಒಂದು ಬಾವಿ, ಒಂದು ತೆಂಗಿನ ತೋಟ. ಈಗ ಅಲ್ಲಿ ನೀರು. ಬಾವಿಯನ್ನು ಒಂದು ಸಣ್ಣ ಸೊನ್ನೆಯಾಗಿ ಬರೆದಿದ್ದಾರೆ, ನಡುವೆ ಒಂದು ಚುಕ್ಕಿ. ಯಾರೋ ಬಿಸಿಲಲ್ಲಿ ಸರಪಳಿ ಎಳೆದು ಅಳೆದು, ಆ ಬಾವಿಯ ನೀರನ್ನೇ ಕುಡಿದು, ಆಮೇಲೆ ಆ ಸೊನ್ನೆ ಹಾಕಿರಬೇಕು. ಊರು ಹೋಯಿತು, ಸೊನ್ನೆ ಉಳಿಯಿತು. ನನಗೆ ಹಳೆಯ ನಕ್ಷೆಯ ಮರುಳು ಹಿಡಿದದ್ದೇ ಇದಕ್ಕೆ. ಮನುಷ್ಯರು ಮಾತು ತಪ್ಪುತ್ತಾರೆ, ಸಾಯುತ್ತಾರೆ, ಜಾಗ ಮಾರಿ ಹೋಗುತ್ತಾರೆ. ಗೆರೆ ಎಲ್ಲಿಗೂ ಹೋಗುವುದಿಲ್ಲ.

ಮದುವೆಯಾಗಲಿಲ್ಲ ಎಂದು ಕನಿಕರ ಪಟ್ಟವರೆಲ್ಲ ಇದನ್ನು ಓದಿದರೆ ನಕ್ಷೆಯನ್ನೇ ಕಟ್ಟಿಕೊಂಡಳು ಎಂದಾರು. ಎನ್ನಲಿ. ಗೊರಕೆ ಹೊಡೆಯುವುದಿಲ್ಲವಲ್ಲ.

ಕೆಳಹಿತ್ಲಿನದು ಏಳರಲ್ಲಿ ಅತಿ ಚಂದದ್ದು. ನಡು ಮಡಿಕೆಯಲ್ಲಿ ಹರಿದಿದ್ದನ್ನು ನಮ್ಮ ಕಚೇರಿಯ ಕಡತ ಹೊಲಿಯುವ ದಫ್ತರಿ ಭೋಜಣ್ಣ ಹೊಲಿದಿದ್ದ. ಮೀನುಗಾರರ ಮನೆಯವನು, ಅಪ್ಪನ ಹಾಗೆ ಬಲೆ ಹೊಲಿದು ಕೈ ಪಳಗಿತ್ತು. ಕಚೇರಿಯ ಬಿಳಿ ದಾರ ಅವನಿಗೆ ಸರಿಬರುತ್ತಿರಲಿಲ್ಲ. ಮರದ ತೊಗಟೆಯ ಚೊಗರಿನಲ್ಲಿ ಅದ್ದಿ ಕಪ್ಪು ಮಾಡಿದ ಹಳೆ ಬಲೆಯ ದಾರವನ್ನು ಮನೆಯಿಂದ ತಂದು ಒಂದೊಂದು ಅಕ್ಕಿಕಾಳಿನ ಅಂತರ ಬಿಟ್ಟು ಹೊಲಿಯುತ್ತಿದ್ದ. ಉಪ್ಪುನೀರಿಗೆ ಹರಿಯದ್ದು ನಿಮ್ಮ ಫೈಲಿಗೆ ಹರಿಯುತ್ತದಾ ಎನ್ನುತ್ತಿದ್ದ. ಅವನು ಹೋಗಿ ಹತ್ತು ವರ್ಷವಾಯಿತು. ಹೊಲಿಗೆ ಇನ್ನೂ ಗಟ್ಟಿ ಇದೆ.

ನವೆಂಬರ್ 15

ಬೆಳಿಗ್ಗೆ ಜಗಲಿಯ ಬಿಸಿಲಲ್ಲಿ ಭೋಜಣ್ಣನ ಹೊಲಿಗೆ ನೋಡುತ್ತಿದ್ದೆ. ಹೊಲಿಗೆ ಮಡಿಕೆಯ ಉದ್ದಕ್ಕೂ ಹೋಗಿದೆ, ಕೇರಿಯ ಬಾವಿಯಿಂದ ಹೊಳೆಯ ತನಕ. ಎಣಿಸಿದೆ. ಇಪ್ಪತ್ತಮೂರು.

ಎಣಿಸುವಾಗ ಬೆರಳು ಮೇಲಿಟ್ಟಿದ್ದೆ. ಹದಿನಾಲ್ಕರ ತನಕ ಬೆರಳಿಗೆ ದಾರ ಸಿಕ್ಕಿತು. ಆಮೇಲಿನ ಒಂಬತ್ತಕ್ಕೆ ಏನೂ ಸಿಗಲಿಲ್ಲ. ನುಣ್ಣಗೆ ಕಾಗದ.

ಹಿಂದೆ ತಿರುಗಿಸಿ ಬಟ್ಟೆ ನೋಡಿದೆ. ಅಲ್ಲಿ ಸೂಜಿಯ ತೂತೂ ಇಲ್ಲ.

ನವೆಂಬರ್ 16

ಕಣ್ಣಿಗೆ ಔಷಧಿ ಹಾಕಿದ ಮೇಲೆ ಮಬ್ಬಾಗುತ್ತದೆ. ತಪ್ಪು ಕಂಡಿರಬೇಕು. ನಕ್ಷೆ ಒಳಗಿಟ್ಟೆ.

ನವೆಂಬರ್ 18

ತಪ್ಪು ಕಂಡದ್ದಲ್ಲ. ಒಂಬತ್ತು ಗೆರೆ ಶಾಯಿಯವು. ತುಂಡು ತುಂಡು ಗೆರೆ ಎಂದರೆ ಕಾಲುದಾರಿ. ನಕ್ಷೆ ಓದುವುದನ್ನು ಕಲಿಯುವಾಗ ಮೊದಲ ವಾರ ಕಲಿಸುವ ಪಾಠ. ಆ ಮಡಿಕೆ ಸರಿಯಾಗಿ ದಾರಿಯ ಮೇಲೇ ಬಿದ್ದಿದೆ. ಹರಿದ ಜಾಗದಲ್ಲಿ ಭೋಜಣ್ಣ ಗೆರೆಯ ಮೇಲೇ ಹೊಲಿದಿದ್ದಾನೆ, ಗೆರೆಯಷ್ಟೇ ಉದ್ದದ ಹೊಲಿಗೆ, ಗೆರೆಯದೇ ಬಣ್ಣದ ದಾರ. ಹರಿಯದ ಕಡೆ ಗೆರೆ ಹಾಗೇ ಉಳಿದಿದೆ. ನಕಲು ತೆಗೆಯುವಾಗ ನಾನು ಇಪ್ಪತ್ತಮೂರನ್ನೂ ಹೊಲಿಗೆ ಎಂದುಕೊಂಡೆ. ಹೊಲಿಗೆಯನ್ನು ಯಾರಾದರೂ ನಕಲು ಮಾಡುತ್ತಾರೆಯೇ? ಬಿಟ್ಟೆ.

ಆ ದಿನ ನೆನಪಿದೆ. ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿಕೊಂಡು ಎರಡೇ ದಿನದಲ್ಲಿ ಮುಗಿಸಿದ್ದೆ. ಇಷ್ಟು ಚೊಕ್ಕ ನಕಲು ಗಂಡಸರೂ ತೆಗೆದದ್ದಿಲ್ಲ ಎಂದು ಸಾಹೇಬರು ಎಲ್ಲರೆದುರು ಹೇಳಿದ್ದರು. ಮೂಲೆಯಲ್ಲಿ ಕುಸುಮಾವತಿ ಎಂದು ಸಹಿ ಹಾಕಿದ್ದೆ. ಅಂದಿನಿಂದ ಸರ್ಕಾರಕ್ಕೆ ಕೆಳಹಿತ್ಲಿನಲ್ಲಿ ದಾರಿ ಇಲ್ಲ.

ಸೌಮ್ಯ ಬಂದು “ದೊಡ್ಡಮ್ಮ, ಊಟ ಯಾಕ್ ಮಾಡ್ಲಿಲ್ಲೆ?” ಎಂದಳು. ಹಸಿವಿಲ್ಲ ಎಂದೆ.

ನವೆಂಬರ್ 20

ಪ್ರೇಮಾನಂದನಿಗೆ ಫೋನು ಮಾಡಿದ್ದೆ, ಸಂಜೆ ಬಂದ. ನಮ್ಮ ಕಚೇರಿಯಲ್ಲೇ ನನಗಿಂತ ಕಿರಿಯನಾಗಿದ್ದವನು, ಈಗ ಖಾಸಗಿಯಾಗಿ ಜಾಗ ಅಳೆಯುತ್ತಾನೆ. ಆ ಹೋಟೆಲಿನವರಿಗೆ ಅಳೆದು ಕೊಟ್ಟದ್ದೂ ಅವನೇ ಎಂದು ಇವತ್ತು ಗೊತ್ತಾಯಿತು. ನಕ್ಷೆ ತೋರಿಸಿದೆ. ಬೆರಳಿಟ್ಟು ನೋಡಿದ. ಅವನ ಮುಖ ಸಪ್ಪಗಾಯಿತು, ಆಮೇಲೆ ನಕ್ಕ.

“ಕುಸುಮಕ್ಕ, ಒಂದ್ ಗೆರಿಗ್ ಇಷ್ಟ್ ತಲಿ ಕೆಡ್ಸ್ಕಂಬ್ದಾ? ನಾ ಅಳ್ದದ್ದ್ ನಿಮ್ಮ್ ನಕ್ಷಿ ಇಟ್ಕಂಡೇ.”

“ಅದ್ ತಪ್ಪ್ ನಕ್ಷಿ ಪ್ರೇಮಾನಂದ.”

“ಸರಿ, ಹೋಯಿ ಹೇಳಿ. ಹಳಿ ನಕ್ಷಿ ನಿಮ್ಮ್ ಕಪಾಟಿಗ್ ಹ್ಯಾಂಗ್ ಬಂತ್ ಅಂದ್ ಕೇಂತ್ರ್. ಸರ್ಕಾರಿ ದಾಖ್ಲಿ ಅದ್. ಪಿಂಚಣಿಗ್ ಕೈ ಹಾಕ್ರೆ ಎಂತ ಮಾಡ್ತ್ರಿ? ಕೇರಿಯೋರೇ ಸುಮ್ನಿದ್ರ್. ಒಂದ್ ಅರ್ಜಿ ಇಲ್ಲೆ, ಗಲಾಟಿ ಇಲ್ಲೆ. ನಿಮ್ಗ್ಯಾಕೆ?”

ಚಹಾ ಕುಡಿದು, ಕಣ್ಣು ಜಾಗ್ರತೆ ಎಂದು ಹೇಳಿ ಹೋದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಕೇರಿಯವರೇ ಸುಮ್ಮನಿದ್ದಾರೆ.

ನವೆಂಬರ್ 23

ಸೀತು ಬಂದಿದ್ದಳು. ಅರ್ಧ ಬುಟ್ಟಿ. ಸೊಂಟದ ತನಕ ಸೀರೆ ಒದ್ದೆ, ಕಾಲಿನಲ್ಲಿ ಗಾಯ. ಗೇಟು ಹಾಕಿದ ಮೇಲೆ ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಎರಡು ಮೈಲು. ಅಷ್ಟರಲ್ಲಿ ಇಳಿತ ಮುಗಿದು ನೀರು ಏರುತ್ತದಂತೆ. ಅದಕ್ಕೆ ಉಪ್ಪುನೀರಲ್ಲೇ ಬೇರು ಬಿಡುವ ಕಾಂಡ್ಲ ಗಿಡಗಳ ಬುಡದಲ್ಲಿ, ಹೊಳೆಯ ಅಂಚಿನ ಕೆಸರಿನಲ್ಲೇ ನಡೆಯುತ್ತಿದ್ದಾರೆ.

“ಕಾಲಿಗ್ ಎಂತ ಹಾಕುದಿಲ್ಯಾ?” ಎಂದೆ.

“ಕೆಸ್ರಲ್ ಚಪ್ಲಿ ನಿಂತ್ತಾ ಅಮ್ಮ?”

ಆದರೂ ನನ್ನ ಹೊಸ ಚಪ್ಪಲಿ ಕೊಟ್ಟೆ, ಸೌಮ್ಯ ಕಳೆದ ತಿಂಗಳು ತಂದದ್ದು. ಅವಳು ಬೇಡ ಬೇಡ ಎಂದು ಕೊನೆಗೆ ತೆಗೆದುಕೊಂಡಳು. ನನ್ನನ್ನು ದೇವರಂಥವರು ಎಂದಳು. ಮನಸ್ಸು ಸ್ವಲ್ಪ ಹಗುರಾಯಿತು.

ನವೆಂಬರ್ 27

ಏನೂ ಇಲ್ಲ. ಎಡಗಣ್ಣಿಗೆ ಡಿಸೆಂಬರ್ ಹನ್ನೆರಡು ಎಂದು ತಾರೀಕು ಕೊಟ್ಟರು.

ಡಿಸೆಂಬರ್ 3

ಸೀತು ಬಂದಿಲ್ಲ. ಹೋದ ವಾರವೂ ಬಂದಿರಲಿಲ್ಲ. ನೆಂಟರ ಮನೆಗೆ ಹೋಗಿರಬಹುದು. ಮದುವೆಯ ಕಾಲ.

ಎಷ್ಟು ಯೋಚಿಸಿದರೂ ತಪ್ಪು ನನ್ನೊಬ್ಬಳದಲ್ಲ. ಭೋಜಣ್ಣ ಬಿಳಿ ದಾರದಲ್ಲಿ ಹೊಲಿದಿದ್ದರೆ ಹೀಗಾಗುತ್ತಿರಲಿಲ್ಲ. ನಕಲನ್ನು ಮೂಲಕ್ಕೆ ಹೋಲಿಸಿ ನೋಡಬೇಕಾದವರು ನೋಡಲಿಲ್ಲ. ನನ್ನ ಸಹಿಯ ಕೆಳಗೆ ಇನ್ನೆರಡು ಸಹಿ ಇದೆ. ಒಬ್ಬರು ಸತ್ತಿದ್ದಾರೆ, ಇನ್ನೊಬ್ಬರು ಎಲ್ಲಿದ್ದಾರೋ ಗೊತ್ತಿಲ್ಲ. ಹೀಗೆ ಲೆಕ್ಕ ಹಾಕುತ್ತ ಹೋದರೆ ನನ್ನ ಪಾಲಿಗೆ ಬರುವುದು ಬಹಳ ಸಣ್ಣದು.

ಡಿಸೆಂಬರ್ 8

ಬೆಳಿಗ್ಗೆ ಮೆಟ್ಟಿಲಲ್ಲಿ “ಹ್ವಾಯ್, ಅಮಾ” ಎಂದು ಕೇಳಿತು. ಸೀತು ಎಂದುಕೊಂಡು ಓಡಿದೆ. ಅಲ್ಲ. ಮೋಕ್ಷಿತಾ ಅಂತೆ, ಸೀತುವಿನ ಸೊಸೆ. ಬುಟ್ಟಿ ಅದೇ.

“ಅತ್ತಿ ಬಿದ್ದ್ರ್ ಅಮ್ಮ. ಹತ್ತ್ ದಿನ ಆಯ್ತ್. ಕಾಂಡ್ಲದ ಬೇರಿಗ್ ಕಾಲ್ ಸಿಕ್ಕಿ ಸೊಂಟದ ಎಲುಬ್ ಮುರೀತ್. ನೀರ್ ಏರ್ತಾ ಇತ್ತ್. ಕುತ್ತಿಗಿ ತನ್ಕ ಬಂದಿತ್ತ್. ಬೇರ್ ಹಿಡ್ಕಂಡ್ ಒಂದ್ ಗಂಟಿ ಇದ್ದಿರ್. ದೋಣಿಯೋರ್ ಕಂಡ್ರ್, ಆಯ್ತ್.”

ಆಪರೇಷನ್ ಮಾಡಿದ್ದಾರೆ. ಇನ್ನು ನಡೆಯುವುದು ಕಷ್ಟ ಎಂದಿದ್ದಾರೆ. ಮೋಕ್ಷಿತಾ ಇದನ್ನೆಲ್ಲ ಹೇಳುತ್ತ ಮಳಿ ಅಳೆದು ಪಾತ್ರೆಗೆ ಹಾಕುತ್ತಿದ್ದಳು. ನಾನು ಸಾಕು ಎನ್ನಲೇ ಇಲ್ಲ, ಅವಳು ಹಾಕುತ್ತಲೇ ಹೋದಳು.

ಮಳಿ ಹಾಗೇ ಇದೆ. ಸೌಮ್ಯ ಕೆಲಸದವಳಿಗೆ ಕೊಡುತ್ತೇನೆ ಎಂದಳು.

ಡಿಸೆಂಬರ್ 10

ಆಸ್ಪತ್ರೆಗೆ ಹೋಗಿದ್ದೆ, ಮೂಸಂಬಿ ಹಿಡಿದುಕೊಂಡು. ಹೇಳಿಯೇಬಿಡುತ್ತೇನೆ ಎಂದು ಹೊರಟಿದ್ದೆ. ಸೀತು ನನ್ನನ್ನು ಕಂಡು ಏಳಲು ಹೋದಳು. ಏಳಲಾಗಲಿಲ್ಲ. ಅವಳ ಗಂಡ ಕರಿಯ ಮಂಚದ ಕಾಲಬುಡದಲ್ಲಿ ನೆಲದ ಮೇಲೆ ಕೂತಿದ್ದ, ನನ್ನನ್ನು ನೋಡಿ ಎದ್ದು ಹೊರಗೆ ಹೋದ.

“ಅವ್ರಿಗ್ ನನ್ ಮೇಲೆ ಸಿಟ್ಟ್ ಅಮ್ಮ” ಎಂದಳು ಸೀತು. “ಗೇಟ್ ಹಾಕ್ದ್ ವಾರ ನಮ್ಮೋರೆಲ್ಲ ಸೇರಿ ಅರ್ಜಿ ಕೊಡ್ವ ಅಂದಿರ್. ಆಯ್ಲಿಲ್ಲೆ ಅಂದ್ರೆ ಗೇಟ್ ಕೀಳುದೇ ಅಂದಿರ್. ನಾನೇ ತಡ್ದದ್ದ್. ನಕ್ಷಿ ಬರ್ದ್ ಅಮ್ಮನೇ ದಾರಿ ಇಲ್ಲೆ ಅಂದಿರ್, ಸುಮ್ನೆ ಕಚೇರಿ ಅಲ್ದ್ ಬರ್ಗೈ ಆಯ್ಬ್ಯಾಡಿ ಅಂದೆ.”

ನಾನು ಮೂಸಂಬಿ ಸುಲಿಯುತ್ತಿದ್ದೆ.

“ಈಗ ಎಲ್ಲ ಕೇಂತ್ರ್, ಗೇಟಿನೋರ್ ನಿಂಗ್ ಎಂತ ಕೊಟ್ರ್ ಅಂದ್. ಹೊಸ ಚಪ್ಲಿ ಎಲ್ಲಿಂದ ಬಂತ್ ಅಂದ್. ನೀವ್ ಕೊಟ್ಟದ್ದ್ ಅಂದ್ರೆ ನಂಬುದಿಲ್ಲೆ.”

ಒಂದು ತೊಳೆ ಬಿಡಿಸಿ ಅವಳ ಬಾಯಿಗಿಟ್ಟೆ. ಇನ್ನೊಂದು ಇಟ್ಟೆ. ಇಡೀ ಹಣ್ಣು ಮುಗಿಯಿತು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಬಂದೆ.

ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಡಿಸೆಂಬರ್ 11

ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 16

ನಿನ್ನೆ ತಾಲೂಕು ಕಚೇರಿಗೆ ಹೋಗಿ ನಕ್ಷೆ ಕೊಟ್ಟು ಬಂದೆ. ಕೆಳಹಿತ್ಲಿನದು ಮಾತ್ರ ಸಾಲದು ಎನಿಸಿತು, ಏಳನ್ನೂ ಒಯ್ದೆ. ಹಿಂದಿನ ದಿನ ಸೌಮ್ಯಳ ಎದುರು ಎಲ್ಲ ಹೇಳಿದ್ದೆ. ಅವಳು ಮೊದಲು ಪಿಂಚಣಿಯ ಮಾತೆತ್ತಿದಳು. ಆಮೇಲೆ ನನ್ನ ಮುಖ ನೋಡಿ, “ನಾನೂ ರಜೆ ಹಾಕಿ ಬತ್ತೆ ದೊಡ್ಡಮ್ಮ” ಎಂದಳು. ಬೇಡ ಎಂದೆ.

ತಹಶೀಲ್ದಾರರು ಚಿಕ್ಕ ವಯಸ್ಸಿನವರು, ಮರ್ಯಾದೆಯವರು. ಬಾಗಿಲು ಹಾಕಿಸಿ ಕೂರಿಸಿ ಕೇಳಿದರು. ಬರೆದು ಕೊಟ್ಟೆ, ಸಹಿ ಹಾಕಿದೆ. ಅವರೂ ಬೆರಳಿಟ್ಟು ನೋಡಿದರು. ಮೇಲಿನ ಕಚೇರಿಯಿಂದ ಇನ್ನೊಂದು ಪ್ರತಿ ತರಿಸಿ ಹೋಲಿಸುತ್ತೇವೆ, ಅಲ್ಲಿಯ ತನಕ ಗೇಟು ತೆಗೆಸುತ್ತೇವೆ ಎಂದರು. ನಕ್ಷೆ ಮನೆಯಲ್ಲಿಟ್ಟುಕೊಂಡ ವಿಷಯಕ್ಕೆ ವಿವರಣೆ ಕೇಳಿ ನೋಟಿಸು ಬರಬಹುದು ಎಂದರು. ಬರಲಿ ಎಂದೆ. “ನಿಮ್ಮ ಹೆಸರು ಹೊರಗೆ ಬಾರದ ಹಾಗೆ ನೋಡಿಕೊಳ್ಳುತ್ತೇನೆ ಮೇಡಂ” ಎಂದರು. ನಾನು ಥ್ಯಾಂಕ್ಸ್ ಹೇಳಿದೆ.

ಮನೆಗೆ ಬಂದು ಮಧ್ಯಾಹ್ನ ನಿದ್ದೆ ಮಾಡಿದೆ. ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ. ಎಡಗಣ್ಣಿನ ತಾರೀಕು ಮೀರಿ ಹೋದದ್ದನ್ನು ಸೌಮ್ಯ ಹೇಳಿದ ಮೇಲೆ ತಿಳಿಯಿತು.

ಡಿಸೆಂಬರ್ 30

ಗೇಟು ತೆಗೆದಿದ್ದಾರೆ. ಇವತ್ತು ಮೋಕ್ಷಿತಾ ತುಂಬಿದ ಬುಟ್ಟಿ ತಂದಳು. ಸೀರೆ ಒದ್ದೆಯಾಗಿರಲಿಲ್ಲ.

“ಹಳಿ ದಾಖ್ಲಿ ಸಿಕ್ತಂಬ್ರ್ ಅಮ್ಮ, ಅದ್ರಲ್ ದಾರಿ ಇತ್ತಂಬ್ರ್” ಎಂದಳು.

“ಸೀತು ಹ್ಯಾಂಗಿತ್ತ್?”

ಅವಳು ತಕ್ಕಡಿ ಕೆಳಗಿಟ್ಟಳು. ಸೀತು ಮನೆಗೆ ಬಂದು ಹನ್ನೆರಡು ದಿನವಾಯಿತಂತೆ. ಒಳಕೋಣೆಯಲ್ಲಿ ಮಲಗಿಯೇ ಇದ್ದಾಳೆ. ಕೇರಿಯ ಒಬ್ಬರೂ ನೋಡಲು ಬಂದಿಲ್ಲ. ಮೊದಲು ಅನುಮಾನ ಇತ್ತು, ಈಗ ಖಾತ್ರಿಯಾಯಿತಂತೆ. ನಕ್ಷೆಯಲ್ಲಿ ದಾರಿ ಇದ್ದೇ ಇತ್ತು ಎಂದ ಮೇಲೆ, ಇಲ್ಲ ಎಂದು ಸುಳ್ಳು ಹೇಳಿ ಅರ್ಜಿ ತಡೆದದ್ದು ಸೀತುವೇ ಅಲ್ಲವೇ. ಗೇಟಿನವರಿಂದ ಏನೋ ತಿಂದಿದ್ದಾಳೆ, ದೇವರೇ ಸೊಂಟ ಮುರಿದ ಎನ್ನುತ್ತಿದ್ದಾರಂತೆ. ಕರಿಯ ಕೂಡ ಒಳಕೋಣೆಗೆ ಹೋಗಿ ಮಾತಾಡುವುದಿಲ್ಲ, ಗಂಜಿ ಇಟ್ಟು ಬರುತ್ತಾನೆ.

“ನಿನ್ ಅತ್ತಿ ಎಂತ ಹೇಳ್ತ್ರ್?”

“ಅತ್ತಿ ಹೇಳುದ್ ಒಂದೇ. ಅಮ್ಮ ಸುಳ್ಳ್ ಹೇಳೋರಲ್ಲ, ಈ ದಾಖ್ಲಿಯಲ್ಲೇ ಎಂತದೋ ಮೋಸ ಇತ್ತ್ ಅಂತ್ರ್.”

ನಾನು ದಾರಿ ಬಿಡಿಸಿ ಕೊಟ್ಟೆ ಎಂದು ಹದಿನೈದು ದಿನದಿಂದ ಹಾಯಾಗಿ ನಿದ್ದೆ ಮಾಡುತ್ತಿದ್ದೇನೆ.

ಜನವರಿ 4

ಆಟೋ ಮಾಡಿಕೊಂಡು ಕೆಳಹಿತ್ಲಿಗೆ ಹೋದೆ. ಹುಟ್ಟಿದ ಮೇಲೆ ಮೊದಲ ಸಲ. ಅಲ್ಲಿನ ಒಂದೊಂದು ಗಡಿಕಲ್ಲೂ ನನಗೆ ಗೊತ್ತು ಎಂದು ತಿಳಿದಿದ್ದೆ. ಇಳಿದು ನೋಡಿದರೆ ಯಾವ ದಿಕ್ಕಿಗೆ ಹೊಳೆ ಎಂದೇ ತಿಳಿಯಲಿಲ್ಲ. ಬಲೆ ಒಣಗಿಸಿದ್ದ ಅಂಗಳದಲ್ಲಿ ಒಬ್ಬ ಮುದುಕಿಯನ್ನು ಕೇಳಿದೆ, ಸೀತುವಿನ ಮನೆ ಎಲ್ಲಿ ಎಂದು. ಕೈ ತೋರಿಸಿದಳು.

ಭಾನುವಾರ, ಎಲ್ಲರೂ ಮನೆಯಲ್ಲೇ ಇದ್ದರು. ಊರಿಗೆ ಹೊಸಬಳು ಬಂದರೆ ಜನ ಸೇರಲು ಹೇಳಿಕಳಿಸಬೇಕೇ? ನಾನು ಸೀತುವಿನ ಅಂಗಳ ಮುಟ್ಟುವಷ್ಟರಲ್ಲಿ ಇಪ್ಪತ್ತು ಜನ ಹಿಂದಿದ್ದರು. ಕರಿಯ ಜಗಲಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದ. ಮೋಕ್ಷಿತಾ ಬಾಗಿಲಿಗೆ ಬಂದು “ಒಳ್ಗ್ ಬನಿ ಅಮ್ಮ” ಎಂದಳು. ಇಲ್ಲೇ ನಿಲ್ಲುತ್ತೇನೆ ಎಂದೆ. ಯಾರೂ ಕೂರಲು ಹೇಳಲಿಲ್ಲ.

ಬರೆದುಕೊಂಡು ಹೋಗಿದ್ದ ಚೀಟಿ ಇತ್ತು, ತೆಗೆಯಲಿಲ್ಲ. ಹೊಲಿಗೆ, ದಾರ, ಶಾಯಿ ಎಂದೆಲ್ಲ ಅದರಲ್ಲಿತ್ತು. ಆ ಜನರ ಮುಖ ನೋಡಿದ ಮೇಲೆ ಅದು ಯಾವುದೂ ಬೇಡ ಎನಿಸಿತು.

“ನಿಮ್ಮ್ ದಾರಿ ನಕ್ಷಿಯಲ್ ಇತ್ತ್. ನಕಲ್ ತೆಗುವತ್ತಿಗ್ ಅದ್ನ ಬಿಟ್ಟದ್ದ್ ನಾನ್. ದಾರಿ ಇಲ್ಲೆ ಅಂದ್ ಸೀತುಗ್ ಹೇಳದ್ದೂ ನಾನೇ. ತಪ್ಪ್ ಗೊತ್ತಾದ್ ಮೇಲೆ ಒಂದ್ ತಿಂಗ್ಳ್ ಬಾಯಿ ಮುಚ್ಕಂಡ್ ಕೂತದ್ದೂ ನಾನೇ. ಆಗ್ಳೇ ಹೇಳಿದ್ರೆ ಸೀತು ಬೀಳ್ತಿರ್ಲಿಲ್ಲೆ. ಸೀತು ಯಾರತ್ರೂ ಎಂತದೂ ತಕಂಡದ್ದಿಲ್ಲೆ. ಚಪ್ಲಿ ನಾ ಕೊಟ್ಟದ್ದ್.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂದೆ ಒಬ್ಬ ಹೆಂಗಸು ಏನೋ ಅಂದಳು, ಪಕ್ಕದವಳು ಅವಳನ್ನು ಸುಮ್ಮನಿರಿಸಿದಳು. ಹೊರಡಲೋ ನಿಲ್ಲಲೋ ತಿಳಿಯದೆ ನಾನು ನಿಂತೇ ಇದ್ದೆ.

ಕರಿಯ ಬಲೆ ಕೆಳಗಿಟ್ಟು ಎದ್ದ. ಬಾಗಿಲು ಪೂರ್ತಿ ದೂಡಿ, ಒಳಕೋಣೆಯ ಪರದೆಯನ್ನು ಬದಿಗೆ ಸರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

“ಇನ್ನೊಂದ್ ಸಲ ಹೇಳಿ. ಒಳ್ಗ್ ಮನ್ಕಂಡೋಳಿಗ್ ಕೇಂಬಂಗ್ ಹೇಳಿ.”

ಮೊದಲಿನಿಂದ ಹೇಳಿದೆ, ಗಟ್ಟಿಯಾಗಿ.